ಬೈ ಟು

ಹೊಂಡದ ಸರ್ಕಲ್ಲಿನಲ್ಲಿ, ಸಂಜೆ ಐದೂವರೆಗೆ,
ಗಾಡಿಯ ಹಲಗೆ ಮೇಲೆ ಈರುಳ್ಳಿ ಹೆಚ್ಚುತ್ತೇನೆ.
ಹೆಚ್ಚು ಅಂದರೆ ಕೊಯ್ಯುವುದು,
ಹೆಚ್ಚು ಅಂದರೆ ಜಾಸ್ತಿ.
ಎರಡಕ್ಕೂ ಒಂದೇ ಮಾತು ಯಾಕಿಟ್ಟರೋ ಹಿರಿಯರು,
ಮೂರು ಗಡ್ಡೆ ಮುಗಿಯುವಷ್ಟರಲ್ಲಿ ಗೊತ್ತಾಗುತ್ತದೆ:
ಅಂಗೈಯಲ್ಲಿದ್ದದ್ದು ಬೇಸಿನ್ನು ತುಂಬಿ
ಅಂಚು ದಾಟುತ್ತಿರುತ್ತದೆ.
ಕಣ್ಣೀರಿನದು ಬೇರೆ ಲೆಕ್ಕ.

ಬೆಳ್ಳುಳ್ಳಿಗೆ ಆ ಮಾತು ಒಪ್ಪುವುದಿಲ್ಲ.
ಅದನ್ನು ಬಿಡಿಸಬೇಕು.
ಕಗ್ಗಂಟು ಬಿಡಿಸಿದ ಹಾಗೆ, ಒಗಟು ಬಿಡಿಸಿದ ಹಾಗೆ,
ಠಾಣೆಯಿಂದ ತಮ್ಮನನ್ನು ಬಿಡಿಸಿಕೊಂಡು ಬಂದ ಹಾಗೆ,
ಜುಟ್ಟು ಹಿಡಿದವರ ಜಗಳ ಬಿಡಿಸಿದ ಹಾಗೆ.
ಹೊಸ್ತಿಲ ಮುಂದಿನ ರಂಗೋಲಿಯನ್ನೂ
ಬಿಡಿಸುವುದು ಅಂತಲೇ ಅನ್ನುತ್ತೇವೆ,
ಅಲ್ಲಿ ಗಂಟು ಹಾಕುತ್ತಿದ್ದರೂ.

ನನ್ನನ್ನು ಹಾಲೇಶನಿಂದ ಬಿಡಿಸಿದ್ದು
ಹರಿಹರದ ಕಡೆಯ ಐದು ಜನ ಹಿರಿಯರು,
ಚಾಪೆ ಮೇಲೆ ಕೂತು, ಎರಡು ಸಲ ಚಹಾ ಕುಡಿದು.
ಒಲೆ ಅವನಿಗೆ, ಬಾಣಲಿ ನನಗೆ.
ಗಾಡಿ ನನಗೆ, ಗಾಡಿ ನಿಲ್ಲುವ ಜಾಗ ಅವನಿಗೆ.
ನಾನು ನಕ್ಕೆ. ಯಾರೂ ನಗಲಿಲ್ಲ.
ಆರು ತಿಂಗಳು ಅವನು ಖಾಲಿ ಜಾಗ ಕಾದ,
ನಾನು ಹಿತ್ತಲಲ್ಲಿ ನಿಂತ ಗಾಡಿಯ ಧೂಳು ಒರೆಸಿದೆ.
ಕೊನೆಗೆ ಜಾಗವೂ ಇತ್ತಲೇ ಬಂತು,
ತಿಂಗಳಿಗೆ ಎಂಟುನೂರು ಬಾಡಿಗೆಗೆ.

ಬೆಳಗಿನ ಹೊತ್ತು ಶಾಕಿರಾಬಿಯ ಮಂಡಕ್ಕಿ ಭಟ್ಟಿ.
ಮಿಲ್ಲಿನಲ್ಲಿ ಅಕ್ಕಿಯಿಂದ ಕಳಚಿಕೊಂಡ ಹೊಟ್ಟು
ಗೋಣಿಚೀಲ ಹತ್ತಿ ಇಲ್ಲಿಗೇ ಬರುತ್ತದೆ,
ಅದೇ ಅಕ್ಕಿಯ ಕೆಳಗೆ ಉರಿಯುತ್ತದೆ.
"ಬ್ಯಾರೆ ಆಗಿದ್ದು ದೂರ ಹೋಗಲ್ಲ ಕೊಟ್ರವ್ವ,
ಕೆಳಗೆ ಹೋಗ್ತೈತಿ, ಅಷ್ಟೆ,"
ಅನ್ನುತ್ತಾಳೆ ಶಾಕಿರಾಬಿ, ಹೊಗೆಗೆ ಮುಖ ತಿರುವಿ.
ಕಾದ ಮರಳಿಗೆ ಬಿದ್ದ ಅಕ್ಕಿ
ಒಂದು, ಎರಡು ಅನ್ನುವುದರೊಳಗೆ ಅರಳಿಬಿಡುತ್ತದೆ.
ಮರಳಿಲ್ಲದಿದ್ದರೆ ಕರಕಲು,
ಮರಳು ಉಳಿದರೆ ತಿನ್ನುವವರ ಹಲ್ಲಿಗೆ ಕೇಡು.
ಅದಕ್ಕೇ ಜರಡಿ.
ಜರಡಿಗೆ ಯಾರ ಮೇಲೂ ಸಿಟ್ಟಿಲ್ಲ,
ಅದಕ್ಕಿರುವುದು ತೂತು ಮಾತ್ರ.
ಕೆಳಗುದುರಿದ ಮರಳು ಮತ್ತೆ ಬಾಣಲಿಗೆ,
ಮತ್ತೆ ಇನ್ನೊಂದು ಹಿಡಿ ಅಕ್ಕಿಗೆ.
ಆದರೂ ಎಲ್ಲೋ ಒಂದು ಹರಳು
ಮಂಡಕ್ಕಿಯಷ್ಟೇ ದಪ್ಪವಿದ್ದು
ಮಂಡಕ್ಕಿಯ ಜೊತೆಗೇ ಮೇಲುಳಿಯುತ್ತದೆ.

ಮಗಳು ನಿಸರ್ಗ, ಐದನೇ ಕ್ಲಾಸು,
ಗಾಡಿಯ ಪಕ್ಕ ಸ್ಟೂಲಿನ ಮೇಲೆ ಭಾಗಾಕಾರ ಮಾಡುತ್ತಾಳೆ.
ವಾರಕ್ಕೆ ಏಳು ದಿನ, ಮನೆ ಎರಡು.
ನನ್ನಲ್ಲಿ ಮೂರು, ನಿಟುವಳ್ಳಿಯ ಅಪ್ಪನಲ್ಲಿ ಮೂರು,
ಶೇಷ ಒಂದು.
ಭಾನುವಾರ ಯಾರ ಪಾಲಿಗೂ ಬರೆಯದೆ
ಐದು ಜನ ಹಿರಿಯರು ಎದ್ದು ಹೋಗಿದ್ದರು.
ಅಂದು ಅವಳು ಎಲ್ಲಿಗೆ ಅನ್ನುತ್ತಾಳೋ ಅಲ್ಲಿಗೆ.
"ಶೇಷ ಅಂದ್ರೆ ಹಾವಲ್ವೇನಮ್ಮ, ಭೂಮಿ ಹೊತ್ಕೊಂಡಿರೋದು?"
"ಹೂಂ. ಉಳಿದದ್ದೇ ಹೊರಬೇಕು,"
ಅಂದವಳು ನಾಲಿಗೆ ಕಚ್ಚಿಕೊಂಡೆ.
ಅವಳು ಪೆನ್ಸಿಲ್ ಚೂಪು ಮಾಡುತ್ತಿದ್ದಳು.

ಗಿರಾಕಿಗಳು ಕೇಳುವುದು ದಿನಾ ಒಂದೇ: "ಒಂದು, ಬೈ ಟು."
ಕಾಲೇಜಿನ ಹುಡುಗಿಯರು ಕೇಳುತ್ತಾರೆ,
ಪಿಂಚಣಿಯ ದಿನ ಇಬ್ಬರು ಮುದುಕರು ಕೇಳುತ್ತಾರೆ.
ನಾನು ಅಳೆದು ಹಾಕಿದವಳಲ್ಲ.
ಒಂದು ಪೊಟ್ಟಣಕ್ಕೆ ಅರ್ಧ ಅನ್ನಿಸುವಷ್ಟು,
ಇನ್ನೊಂದನ್ನು ನೋಡಿ, ಅದಕ್ಕೆ ಬೇಜಾರಾಗದಿರಲೆಂದು
ಇನ್ನೊಂದು ಚಿಟಿಕೆ,
ಆಮೇಲೆ ಮೊದಲನೆಯದಕ್ಕೂ.
"ಹಿಂಗಾದ್ರೆ ಲಾಸು," ಅನ್ನುತ್ತಾಳೆ ಮಗಳು,
"ಎರಡು ಅರ್ಧ ಸೇರಿ ಒಂದೂಕಾಲು ಆಗಲ್ಲ."
ಅವಳ ಪುಸ್ತಕದಲ್ಲಿ ಆಗಲಿಕ್ಕಿಲ್ಲ.

ಮೊನ್ನೆ ಅವಳನ್ನು ಬಿಡಲು ಬಂದ ಹಾಲೇಶ
ಗಾಡಿಯ ಆಚೆಬದಿಗೆ ನಿಂತ, ಗಿರಾಕಿಯ ಹಾಗೆ.
ಬೆರಳೆತ್ತಿ ತನ್ನನ್ನೂ ಮಗಳನ್ನೂ ತೋರಿಸಿ
"ಬೈ ಟು," ಅಂದ.
ಈರುಳ್ಳಿ ಹೆಚ್ಚಿದೆ.
ಎಷ್ಟು ಹಾಕಿದೆನೋ ನೆನಪಿಲ್ಲ.
ದುಡ್ಡು ಕೊಟ್ಟ, ಚಿಲ್ಲರೆ ಕೊಟ್ಟೆ.
ಮೂರನೇ ತುತ್ತಿಗೆ ಅವನ ಹಲ್ಲಿಗೆ ಕಟ್ ಎಂದು ಹರಳು ಸಿಕ್ಕಿತು.
ನನ್ನ ಕಡೆ ನೋಡಿದ.
ಪಕ್ಕಕ್ಕೆ ತಿರುಗಿ ಉಗಿದ.
ಮತ್ತೆ ತಿಂದ.